ವರ್ಷಕ್ಕೊಮ್ಮೆ ಬರುವ ಪುಸ್ತಕದಂಗಡಿ

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದಕ್ಕೂ ಮುಂಚಿನ ದಿನಗಳಲ್ಲಿ ಸುದ್ದಿಯಲ್ಲಿ ಹೆಚ್ಚು ಓಡಾಡಿದ್ದು ಊಟದ ವಿಷಯ. ಬಾಡೂಟ ಬಡಿಸಬೇಕೆ ಬೇಡವೆ ಎಂಬ ಜಟಾಪಟಿ ಗೋಷ್ಠಿಗಳನ್ನೂ ಸಮ್ಮೇಳನಾಧ್ಯಕ್ಷ ಗೊ.ರು. ಚನ್ನಬಸಪ್ಪ ಅವರನ್ನೂ ಹಿಂದಕ್ಕೆ ತಳ್ಳಿತು. ಹೋಗಿಬಂದವರನ್ನು ಕೇಳಿದರೆ ಕಥೆ ಬೇರೆ. ಯಾವ ಗೋಷ್ಠಿಯಲ್ಲಿ ಯಾರು ಏನು ಹೇಳಿದರೆಂಬುದು ಅಷ್ಟಾಗಿ ನೆನಪಿರುವುದಿಲ್ಲ. ಮಳಿಗೆಯಲ್ಲಿ ಏನು ಸಿಕ್ಕಿತು, ಕೈಚೀಲ ತುಂಬಿದ ಮೇಲೆ ಏನನ್ನು ಬಿಟ್ಟು ಬರಬೇಕಾಯಿತು ಎಂಬುದು ಮಾತ್ರ ಬೆಲೆ ಸಮೇತ ಬಾಯಿಗೆ ಬರುತ್ತದೆ.

ಸಮ್ಮೇಳನದ ಮುಖ್ಯ ವೇದಿಕೆಯಲ್ಲಿ ಖಾಲಿ ಕುರ್ಚಿ ಕಾಣಬಹುದು, ಪುಸ್ತಕ ಮಳಿಗೆಗಳ ಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಾಮಿಯಾನದ ಕೆಳಗೆ ಧೂಳು, ಧ್ವನಿವರ್ಧಕದಲ್ಲಿ ಕಳೆದುಹೋದ ಮಕ್ಕಳ ಪ್ರಕಟಣೆ, ನೆಟ್‌ವರ್ಕ್ ಸಿಗದೆ ಸುತ್ತುತ್ತಲೇ ಇರುವ ಫೋನ್‌ಪೇ, ಚಿಲ್ಲರೆಗಾಗಿ ಪಕ್ಕದ ಮಳಿಗೆಗೆ ಓಡುವ ಹುಡುಗ. ಬೆಂಗಳೂರಿನ ಪ್ರಕಾಶಕರು ಲಾರಿಯಲ್ಲಿ ಬಾಕ್ಸುಗಳನ್ನು ತಂದಿರುತ್ತಾರೆ. ಒಂದೇ ಪುಸ್ತಕ ಬರೆದು ತಾನೇ ಅಚ್ಚು ಹಾಕಿಸಿದ ಕವಿ ಪ್ರತಿಗಳನ್ನು ಬಗಲಚೀಲದಲ್ಲಿ ಹೊತ್ತು ತಂದಿರುತ್ತಾನೆ. ರಾತ್ರಿಯಾದರೆ ಮಳಿಗೆಯವರು ಅಲ್ಲೇ ಬಾಕ್ಸುಗಳ ನಡುವೆ ಬೆಡ್‌ಶೀಟ್ ಹಾಸಿ ಮಲಗುವುದೂ ಉಂಟು, ಲಾಡ್ಜಿನ ಖರ್ಚು ಉಳಿಯಿತು, ಪುಸ್ತಕಕ್ಕೆ ಕಾವಲೂ ಆಯಿತು ಎಂದು.

ಇಂಥ ಸಾಲಿನಲ್ಲಿ ಅನುಭವಿ ಓದುಗರು ಮೊದಲು ಹುಡುಕುವುದು ಬಣ್ಣಬಣ್ಣದ ಮುಖಪುಟದ ಮಳಿಗೆಯನ್ನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಎಲ್ಲಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು ಎಲ್ಲಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಬಂದಿದ್ದಾರೆಯೆ ಎಂದು ವಿಚಾರಿಸುತ್ತಾರೆ. ಅಲ್ಲಿ ಅಲಂಕಾರ ಇರುವುದಿಲ್ಲ. ಮೇಜಿನ ಮೇಲೆ ಹಳದಿಗಟ್ಟಿದ ರಟ್ಟುಗಳು, ಪಿನ್ನಿಗೆ ತುಕ್ಕು ಹಿಡಿದ ಕಿರುಹೊತ್ತಗೆಗಳು. ಒಂದನ್ನು ಎತ್ತಿ ಹಿಂಬದಿ ತಿರುಗಿಸಿದರೆ ಅಚ್ಚಾದ ಕಾಲದ ಬೆಲೆ ಹಾಗೇ ಇರುತ್ತದೆ: ಹನ್ನೆರಡು ರೂಪಾಯಿ, ಹದಿನೆಂಟು ರೂಪಾಯಿ. ಆ ಬೆಲೆಯ ಮೇಲೂ ರಿಯಾಯಿತಿ ಕಳೆದು ಗುಮಾಸ್ತರು ಗಂಭೀರವಾಗಿ ರಸೀದಿ ಬರೆಯುತ್ತಾರೆ, ಕಾರ್ಬನ್ ಹಾಳೆ ಇಟ್ಟು. ಒಂದು ಕಾಫಿಯ ಬೆಲೆಗೆ ಶಾಸನಗಳ ಬಗೆಗಿನ ಗಟ್ಟಿ ಪುಸ್ತಕವೊಂದು ಚೀಲ ಸೇರುತ್ತದೆ. ಅದೇ ಪುಸ್ತಕಕ್ಕಾಗಿ ವರ್ಷವಿಡೀ ಅಲೆದವರಿಗೆ ಆಗ ಆಗುವ ಸಂಭ್ರಮವನ್ನು ಮನೆಯವರಿಗೆ ವಿವರಿಸುವುದು ಕಷ್ಟ.

ಕನ್ನಡ ಸಾಹಿತ್ಯ ಪರಿಷತ್ತಿನ ಮಳಿಗೆಯದು ಮತ್ತೊಂದು ಬಗೆಯ ನೂಕಾಟ. ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಒಟ್ಟಿಗೆ ಕೊಂಡವರು ಅದನ್ನು ಬಸ್‌ಸ್ಟ್ಯಾಂಡಿನವರೆಗೆ ಸಾಗಿಸುವ ಪರಿ ನೋಡುವಂಥದ್ದು. ಒಬ್ಬರು ಹೆಗಲ ಮೇಲೆ, ಇನ್ನೊಬ್ಬರು ಎರಡು ಕೈಯಲ್ಲಿ, ನಡುನಡುವೆ ಇಳಿಸಿ ಉಸ್ಸೆನ್ನುತ್ತಾ. ಅಷ್ಟು ಹಣವೂ ರಟ್ಟೆಬಲವೂ ಇಲ್ಲದವರಿಗೆ ಪರಿಷತ್ತಿನದೇ ಪುಟ್ಟ ನಿಘಂಟು ರತ್ನಕೋಶ ಇದ್ದೇ ಇದೆ. ‘ಎರಡನೇ ಸಂಪುಟ ಒಂದೇ ಕೊಡ್ತೀರಾ?’ ಎಂದು ಯಾವುದೋ ಸಮಗ್ರ ಸಾಹಿತ್ಯದ ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಸೆಟ್ ಒಡೆಯಲ್ಲ ಸಾರ್’ ಎಂಬ ಉತ್ತರವೂ ಬಂದೇ ಬರುತ್ತದೆ.

ಈ ಸಡಗರವನ್ನು ನೋಡಿದವರು ಸುಲಭವಾಗಿ ಹೇಳುವ ಮಾತೊಂದಿದೆ: ಜನ ಬರುವುದು ಡಿಸ್ಕೌಂಟಿಗೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಡಿಸ್ಕೌಂಟು ಒಂದೇ ಕಾರಣವಾಗಿದ್ದರೆ ಜನ ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಿದ್ದರು. ಅಲ್ಲಿ ರಿಯಾಯಿತಿಗೆ ಡಿಸೆಂಬರನ್ನೂ ಕಾಯಬೇಕಿಲ್ಲ, ಧೂಳನ್ನೂ ಕುಡಿಯಬೇಕಿಲ್ಲ. ಆನ್‌ಲೈನಿನಲ್ಲಿ ಸಿಗುವುದು ಹೆಸರು ಗೊತ್ತಿರುವ ಪುಸ್ತಕ. ಮಳಿಗೆಯ ಮುಂದೆ ನಿಂತವನಿಗೆ ಸಿಗುವುದು ತನಗೆ ಗೊತ್ತೇ ಇರದಿದ್ದ ಪುಸ್ತಕ. ‘ಕರ್ವಾಲೊ’ ಕೊಳ್ಳಲು ಹೋದ ಹುಡುಗಿ ಅದರ ಪಕ್ಕದಲ್ಲಿದ್ದ ಹಕ್ಕಿಗಳ ಪುಸ್ತಕ ಎತ್ತಿಕೊಳ್ಳುತ್ತಾಳೆ, ‘ಮಂಕುತಿಮ್ಮನ ಕಗ್ಗ’ಕ್ಕೆ ಬಂದ ನಿವೃತ್ತ ಮೇಷ್ಟ್ರು ತಮ್ಮದೇ ತಾಲ್ಲೂಕಿನ ಇತಿಹಾಸ ಕಂಡು ನಿಲ್ಲುತ್ತಾರೆ. ಇದಕ್ಕೆ ಬೇಕಾದದ್ದು ಪುಸ್ತಕಗಳು ಕಣ್ಣೆದುರು ಹರಡಿಕೊಂಡಿರುವುದು, ತಿರುವಿ ನೋಡಲು ಬಿಡುವುದು, ಅಷ್ಟೇ.

ಅಷ್ಟೇ ಎನ್ನುವುದೇ ಕರ್ನಾಟಕದ ಬಹುಪಾಲು ಊರುಗಳಲ್ಲಿ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ‘ಬುಕ್ ಸ್ಟಾಲ್’ ಎಂಬ ಬೋರ್ಡು ಕಂಡು ಒಳಗೆ ಹೋದರೆ ಸಿಗುವುದು ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರ. ಕಾದಂಬರಿ ಕೇಳಿದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ. ಬೆಂಗಳೂರು, ಮೈಸೂರು, ಧಾರವಾಡ, ಹುಬ್ಬಳ್ಳಿ, ಮಂಗಳೂರಿನಂಥ ಕೆಲವು ಊರು ಬಿಟ್ಟರೆ ಕನ್ನಡ ಸಾಹಿತ್ಯವನ್ನು ಕಪಾಟಿನಲ್ಲಿ ಜೋಡಿಸಿಟ್ಟ ಅಂಗಡಿ ಅಪರೂಪ. ಆದ್ದರಿಂದ ವರ್ಷಕ್ಕೊಮ್ಮೆ ನಡೆಯುವ ಮಾರಾಟವನ್ನು ಬರೀ ರಿಯಾಯಿತಿ ಮೇಳ ಎಂದು ನೋಡುವುದು ತಪ್ಪು. ಲಕ್ಷಾಂತರ ಓದುಗರಿಗೆ ಅದೇ ಪುಸ್ತಕದಂಗಡಿ. ಅದು ಮೂರು ದಿನ ತೆರೆದು ಮುಚ್ಚುವ ಅಂಗಡಿ ಆದ್ದರಿಂದಲೇ ಅಷ್ಟು ನೂಕುನುಗ್ಗಲು.

ಕನ್ನಡದ ಪುಸ್ತಕಕ್ಕೂ ಅಂಗಡಿಗೂ ಇರುವ ಈ ದೂರ ಇಂದಿನದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡಿತು. ಪುಸ್ತಕ ಅಂಚೆಯಲ್ಲಿ ಮನೆಗೇ ಹೋಗುತ್ತಿತ್ತು. ಅಂಗಡಿಯನ್ನು ನಂಬಿ ಕೂತಿದ್ದರೆ ಎರಡೂ ನಡೆಯುತ್ತಿರಲಿಲ್ಲ.

ಸಮ್ಮೇಳನದಂತೆಯೇ ಓದುಗರು ಕಾಯುವ ಇನ್ನೊಂದು ಮಾರಾಟ ನವೆಂಬರ್‌ನದು. ರಾಜ್ಯೋತ್ಸವದ ತಿಂಗಳು ಬಂದರೆ ಪುಸ್ತಕ ಪ್ರಿಯರ ಬಜೆಟ್ ಬುಡಮೇಲಾಗುತ್ತದೆ. ನವಕರ್ನಾಟಕ, ಸಪ್ನ ಮೊದಲಾದ ಮಳಿಗೆಗಳು ಕನ್ನಡ ಪುಸ್ತಕಗಳಿಗೆ ವಿಶೇಷ ರಿಯಾಯಿತಿ ಘೋಷಿಸುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಅರ್ಧ ಬೆಲೆಗೆ ಕೊಡುವುದೂ ಉಂಟು. ಅಕ್ಟೋಬರ್‌ನಲ್ಲಿ ಇಷ್ಟಪಟ್ಟ ಪುಸ್ತಕವನ್ನು ಕಪಾಟಿಗೇ ಮರಳಿಸಿ, ‘ಇನ್ನೊಂದು ತಿಂಗಳು ತಾನೆ’ ಎಂದು ಹೊರಟುಬರುವ ಸಂಯಮಿಗಳಿದ್ದಾರೆ. ಅವರು ನವೆಂಬರ್‌ನಲ್ಲಿ ಹೋದಾಗ ಅದರ ಪ್ರತಿ ಮುಗಿದಿರುತ್ತದೆ. ಕನ್ನಡ ಪುಸ್ತಕ ಸಾಮಾನ್ಯವಾಗಿ ಅಚ್ಚಾಗುವುದೇ ಸಾವಿರ ಪ್ರತಿ, ಈಗೀಗ ಅದಕ್ಕೂ ಕಡಿಮೆ. ಮರುಮುದ್ರಣ ಯಾವಾಗ ಎಂದು ಕೇಳಿದರೆ ಪ್ರಕಾಶಕರು ಆಕಾಶ ನೋಡುತ್ತಾರೆ.

ಈ ರಿಯಾಯಿತಿ ಯಾರ ಜೇಬಿನಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಮುದ್ರಿತ ಬೆಲೆಯಲ್ಲಿ ದೊಡ್ಡ ಪಾಲು, ಬಹುತೇಕ ಮೂರನೇ ಒಂದು ಭಾಗದ ಆಸುಪಾಸು, ಮಾರುವ ಅಂಗಡಿಯ ಕಮಿಷನ್. ಪ್ರಕಾಶಕರೇ ಮಳಿಗೆ ಹಾಕಿದಾಗ ಆ ಪಾಲು ಉಳಿಯುತ್ತದೆ, ಅದನ್ನೇ ಓದುಗನಿಗೆ ಬಿಟ್ಟುಕೊಡುತ್ತಾರೆ. ಆದರೆ ಊರಿನಲ್ಲಿ ಬಾಡಿಗೆ, ಕರೆಂಟು ಬಿಲ್ಲು ಕಟ್ಟಿಕೊಂಡು ವರ್ಷವಿಡೀ ಬಾಗಿಲು ತೆರೆದಿರುವ ಸಣ್ಣ ಅಂಗಡಿಗೆ ಅಷ್ಟು ಬಿಟ್ಟುಕೊಡಲು ಆಗದು. ನವೆಂಬರ್‌ನಲ್ಲಿ ಎಲ್ಲರೂ ಕೊಳ್ಳುತ್ತಾರೆ ಎಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯಾರೂ ಕೊಳ್ಳುವುದಿಲ್ಲ ಎಂದೂ ಅರ್ಥ. ಫ್ರಾನ್ಸ್ ಇದನ್ನು ಗಂಭೀರವಾಗಿ ತೆಗೆದುಕೊಂಡು 1981ರಲ್ಲಿ ಕಾನೂನನ್ನೇ ಮಾಡಿತು: ಹೊಸ ಪುಸ್ತಕದ ಮೇಲೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಸಣ್ಣ ಅಂಗಡಿಗಳನ್ನು ಉಳಿಸಿಕೊಳ್ಳುವುದು ಅದರ ಉದ್ದೇಶ. ಕರ್ನಾಟಕದಲ್ಲಿ ಅಂಥ ಕಾನೂನು ಬಂದರೆ ಸಮ್ಮೇಳನದ ಊಟಕ್ಕಿಂತ ದೊಡ್ಡ ಜಗಳವಾದೀತು. ಉಳಿಸಿಕೊಳ್ಳಲು ಫ್ರಾನ್ಸಿನಷ್ಟು ಅಂಗಡಿಗಳೂ ಇಲ್ಲಿಲ್ಲ ಎಂಬುದು ಬೇರೆ ಮಾತು.

ರಿಯಾಯಿತಿಯನ್ನೇ ವ್ಯಾಪಾರದ ಧರ್ಮ ಮಾಡಿಕೊಂಡು ಗೆದ್ದವರೂ ಇದ್ದಾರೆ. ಟಿ.ಎನ್. ಶಾನಭಾಗ್ 1948ರಲ್ಲಿ ಮುಂಬೈಯ ಕೊಲಾಬಾದ ಸ್ಟ್ರ್ಯಾಂಡ್ ಸಿನಿಮಾ ಮಂದಿರದ ಒಂದು ಮೂಲೆಯಲ್ಲಿ ಪುಸ್ತಕ ಮಾರಲು ಶುರುಮಾಡಿದರು. ಯಾವುದೋ ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡುತ್ತಿದ್ದಾಗ ಆದ ಅವಮಾನವೇ ಅದಕ್ಕೆ ಪ್ರೇರಣೆಯಂತೆ. ಹಾಗಾಗಿ ಅವರ ಸ್ಟ್ರ್ಯಾಂಡ್ ಬುಕ್ ಸ್ಟಾಲ್‌ನಲ್ಲಿ ಯಾರು ಎಷ್ಟು ಹೊತ್ತು ಬೇಕಾದರೂ ನಿಂತು ಓದಬಹುದಿತ್ತು, ಬೆಲೆಯಲ್ಲಿ ಕಡಿತವೂ ಖಚಿತ. ಅಂಗಡಿ ಮುಂದೆ ಫೋರ್ಟ್ ಪ್ರದೇಶಕ್ಕೆ ಬಂತು. ವರ್ಷಕ್ಕೊಮ್ಮೆ ಸುಂದರಬಾಯಿ ಹಾಲ್‌ನಲ್ಲಿ ನಡೆಯುತ್ತಿದ್ದ ಅವರ ಮಾರಾಟಕ್ಕಾಗಿ ಮುಂಬೈಯ ಓದುಗರು ಸಂಬಳದಲ್ಲಿ ಹಣ ಎತ್ತಿಡುತ್ತಿದ್ದರು. ಬೆಂಗಳೂರಿನವರಿಗೂ ಆ ಭಾಗ್ಯ ಇತ್ತು. ಇಲ್ಲಿ ಬಸವ ಭವನದಲ್ಲಿ ಸ್ಟ್ರ್ಯಾಂಡ್ ಪುಸ್ತಕೋತ್ಸವ ನಡೆಯುತ್ತಿತ್ತು. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ದಪ್ಪ ಕಲಾಪುಸ್ತಕಗಳು ಮೂಲ ಬೆಲೆಯ ಸಣ್ಣ ಅಂಶಕ್ಕೆ ಸಿಗುತ್ತಿದ್ದವು, ಮಧ್ಯಾಹ್ನಕ್ಕೆ ಹೋದವರಿಗೆ ಅವು ಬೇರೆಯವರ ಕಂಕುಳಲ್ಲಿ ಕಾಣುತ್ತಿದ್ದವು.

ಪುಸ್ತಕ ಮಾರಾಟಗಾರನೊಬ್ಬನಿಗೆ ಪದ್ಮಶ್ರೀ ಬರುವುದು ಅಪರೂಪ. ಟಿ.ಎನ್. ಶಾನಭಾಗರಿಗೆ 2003ರಲ್ಲಿ ಬಂತು. ಅವರ ಬಳಿಯೇ ಕೆಲಸ ಕಲಿತ ಬಂಧು ಟಿ.ಎಸ್. ಶಾನಭಾಗ್ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಬದಿಯಲ್ಲಿ 1971ರಿಂದ 2009ರವರೆಗೆ ಪ್ರೀಮಿಯರ್ ಬುಕ್ ಶಾಪ್ ನಡೆಸಿದರು. ನೆಲದಿಂದ ಸೂರಿನವರೆಗೆ ಪೇರಿಸಿದ ಪುಸ್ತಕಗಳ ನಡುವೆ ಒಬ್ಬರು ಹೋದರೆ ಇನ್ನೊಬ್ಬರು ಹಿಂದೆ ಸರಿಯಬೇಕಿತ್ತು. ಕೇಳಿದ ಪುಸ್ತಕವನ್ನು ಅವರು ಯಾವ ಕಂಪ್ಯೂಟರಿನ ನೆರವೂ ಇಲ್ಲದೆ ಆ ರಾಶಿಯಿಂದ ಎಳೆದು ಕೊಡುತ್ತಿದ್ದರು, ಬಿಲ್ಲು ಬರೆಯುವಾಗ ಕೇಳದೆಯೇ ರಿಯಾಯಿತಿ ಕಳೆಯುತ್ತಿದ್ದರು. ಅಲ್ಲಿನ ಗಿರಾಕಿಗಳಿಗೆ ನವೆಂಬರ್ ಕಾಯುವ ಅಭ್ಯಾಸವೇ ಇರಲಿಲ್ಲ. ಪ್ರೀಮಿಯರ್ ಮುಚ್ಚಿತು, 2018ರ ಫೆಬ್ರುವರಿಯಲ್ಲಿ ಮುಂಬೈಯ ಸ್ಟ್ರ್ಯಾಂಡ್ ಕೂಡ ಬಾಗಿಲು ಹಾಕಿತು. ವರ್ಷವಿಡೀ ತೆರೆದಿರುವ ಒಳ್ಳೆಯ ಅಂಗಡಿ ಮುಚ್ಚಿದಾಗಲೆಲ್ಲ ವರ್ಷಕ್ಕೊಮ್ಮೆಯ ಮಾರಾಟದ ಮೇಲೆ ಓದುಗನ ಅವಲಂಬನೆ ಇನ್ನಷ್ಟು ಹೆಚ್ಚುತ್ತದೆ.

ಆದರೆ ‘ವರ್ಷಕ್ಕೊಮ್ಮೆ’ ಎನ್ನುವುದಾದರೂ ನಿಜವೆ? ಕಲಬುರಗಿಯ 85ನೇ ಸಮ್ಮೇಳನ ನಡೆದದ್ದು 2020ರ ಫೆಬ್ರುವರಿಯಲ್ಲಿ. ಹಾವೇರಿಯ 86ನೆಯದು 2023ರ ಜನವರಿಯಲ್ಲಿ. ಮಂಡ್ಯದ್ದು 2024ರ ಡಿಸೆಂಬರ್‌ನಲ್ಲಿ. ಸುಮಾರು ಐದು ವರ್ಷದಲ್ಲಿ ಮೂರು ಸಮ್ಮೇಳನ. ನಡುವೆ ಕೋವಿಡ್ ಇತ್ತು, ಒಪ್ಪೋಣ. ಆದರೂ ದಿನಾಂಕ ಮುಂದಕ್ಕೆ ಹೋಗುವುದು, ಸ್ಥಳದ ಬಗ್ಗೆ ಎಳೆದಾಟ ನಡೆಯುವುದು ಕೋವಿಡ್‌ಗಿಂತ ಹಳೆಯ ಕಾಯಿಲೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಒಂದು ಕಾಲಕ್ಕೆ ಪ್ರತಿ ನವೆಂಬರ್ ಸದ್ದು ಮಾಡುತ್ತಿದ್ದ ಪುಸ್ತಕೋತ್ಸವವೂ ಆ ಗತ್ತಿನಲ್ಲಿ ಉಳಿಯಲಿಲ್ಲ. ಮೈಸೂರಿನಲ್ಲಿ ದಸರಾ ಪುಸ್ತಕ ಮೇಳ ಇದೆ. ಆದರೆ ದಸರಾಕ್ಕೆ ಬಂದವರ ಮುಂದೆ ಆನೆ, ದೀಪ, ಆಹಾರ ಮೇಳ, ವಸ್ತುಪ್ರದರ್ಶನ ಎಲ್ಲವೂ ಇರುವಾಗ ಪುಸ್ತಕದ ಸರದಿ ಬರುವುದು ಕಾಲು ನೋಯಲು ಶುರುವಾದ ಮೇಲೆ.

ಕಳೆದ ಎರಡು ಮೂರು ವರ್ಷಗಳಲ್ಲಿ ಗಾಳಿ ಸ್ವಲ್ಪ ಬದಲಾಗಿದೆ. ವೀರಲೋಕ ಪ್ರಕಾಶನ ಬೆಂಗಳೂರಿನ ಬಡಾವಣೆಗಳ ಮೈದಾನಗಳಿಗೇ ‘ಪುಸ್ತಕ ಸಂತೆ’ಯನ್ನು ತಂದಿತು. ತರಕಾರಿಗೆಂದು ಹೊರಟವರು, ಮೊಮ್ಮಕ್ಕಳನ್ನು ಕರೆದುಕೊಂಡು ವಾಯುವಿಹಾರಕ್ಕೆ ಬಂದವರು ಒಳಗೆ ಹೋಗಿ ಪುಸ್ತಕ ಹಿಡಿದು ಬಂದರು. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಕೇರಳ ವಿಧಾನಸಭೆ ಅದಕ್ಕೂ ಮೊದಲೇ ಇಂಥ ಉತ್ಸವ ಶುರುಮಾಡಿತ್ತು. ಪಾಸು, ತಪಾಸಣೆಗಳಿಲ್ಲದೆ ಸಾಮಾನ್ಯರು ಒಳಗೆ ಹೋಗಲಾಗದ ಜಾಗದಲ್ಲಿ ಜನ ಮಕ್ಕಳೊಂದಿಗೆ ಮಳಿಗೆಯಿಂದ ಮಳಿಗೆಗೆ ಅಲೆದರು. ಅವರಲ್ಲಿ ಎಷ್ಟೋ ಮಂದಿ ಪುಸ್ತಕಕ್ಕಿಂತ ಹೆಚ್ಚಾಗಿ ಕಟ್ಟಡದ ಮುಂದೆ ಸೆಲ್ಫಿ ತೆಗೆದುಕೊಳ್ಳಲು ಬಂದವರು ಎಂದು ಕೆಲವರು ಮೂಗು ಮುರಿದರು. ಸೆಲ್ಫಿಗೆ ಬಂದವರು ಒಂದು ಮಕ್ಕಳ ಕಥೆ ಪುಸ್ತಕ ಕೊಂಡು ಹೋದರೆ ನಷ್ಟ ಯಾರಿಗೆ?

ಇವೆಲ್ಲ ಒಳ್ಳೆಯದೇ. ತಕರಾರು ಒಂದೇ: ಎರಡೂ ನಡೆದದ್ದು ಬೆಂಗಳೂರಿನಲ್ಲಿ, ಅಂಗಡಿಗಳು ಇರುವ ಊರಿನಲ್ಲಿ. ಯಾದಗಿರಿಗೆ, ಕೊಪ್ಪಳಕ್ಕೆ, ಚಾಮರಾಜನಗರಕ್ಕೆ ಸಮ್ಮೇಳನದ ಸರದಿ ಬರುವವರೆಗೆ ಅಲ್ಲಿನ ಓದುಗ ಏನು ಮಾಡಬೇಕು?

ಪಕ್ಕದ ತಮಿಳುನಾಡನ್ನು ನೋಡಿದರೆ ದಾರಿ ಕಾಣುತ್ತದೆ. ಚೆನ್ನೈ ಪುಸ್ತಕ ಮೇಳ 1977ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಪೊಂಗಲ್ ಆಸುಪಾಸಿನಲ್ಲಿ ಎರಡು ವಾರಕ್ಕೂ ಹೆಚ್ಚು ನಡೆಯುತ್ತದೆ. ತಮಿಳು ಲೇಖಕರು ತಮ್ಮ ಹೊಸ ಪುಸ್ತಕವನ್ನು ಆ ಮೇಳಕ್ಕೆ ಸರಿಯಾಗಿ ಮುಗಿಸಲು ಒದ್ದಾಡುತ್ತಾರೆ, ಪ್ರೆಸ್‌ಗಳು ಡಿಸೆಂಬರ್‌ನಲ್ಲಿ ಹಗಲುರಾತ್ರಿ ಓಡುತ್ತವೆ. ದಿನಾಂಕ ನೆಚ್ಚಬಹುದಾದ್ದರಿಂದ ಇಡೀ ಪ್ರಕಾಶನ ವರ್ಷ ಅದರ ಸುತ್ತ ತಿರುಗುತ್ತದೆ. ಚೆನ್ನೈಗಷ್ಟೇ ಇದ್ದ ಸಡಗರವನ್ನು ಈರೋಡ್‌ನಂಥ ಊರುಗಳು ತಮ್ಮಲ್ಲಿಗೆ ಎಳೆದುಕೊಂಡವು. 2022ರಿಂದ ಸರ್ಕಾರವೇ ಹಣ ಕೊಟ್ಟು ಮೇಳವನ್ನು ಜಿಲ್ಲೆಜಿಲ್ಲೆಗೆ ಒಯ್ಯುತ್ತಿದೆ. ಕೆಲವು ಕಡೆ ಮೇಳಕ್ಕೆ ತಿಂಗಳುಗಳ ಮೊದಲೇ ಶಾಲಾ ಮಕ್ಕಳಿಗೆ ಹುಂಡಿ ಹಂಚುತ್ತಾರೆ. ಅಜ್ಜಿ ಕೊಟ್ಟ ಹತ್ತು ರೂಪಾಯಿ, ಹಬ್ಬಕ್ಕೆ ಬಂದ ಇಪ್ಪತ್ತು ರೂಪಾಯಿ ಅದರೊಳಗೆ ಬೀಳುತ್ತದೆ. ಮೇಳದ ದಿನ ಹುಂಡಿ ಒಡೆದು, ತಮ್ಮದೇ ದುಡ್ಡಿನಲ್ಲಿ, ತಮಗೆ ಬೇಕಾದ ಪುಸ್ತಕ. ಮೇಷ್ಟ್ರು ಆರಿಸಿದ್ದಲ್ಲ, ಇಲಾಖೆ ಖರೀದಿಸಿದ್ದೂ ಅಲ್ಲ.

ಕೋಲ್ಕತ್ತದ್ದು ಇನ್ನೊಂದು ಬಗೆಯ ಹುಚ್ಚು. ಅಲ್ಲಿ 1976ರಿಂದ ಪುಸ್ತಕ ಮೇಳ ನಡೆಯುತ್ತಿದೆ. 1997ರಲ್ಲಿ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಸುಟ್ಟುಹೋದವು. ಮೂರೇ ದಿನಗಳಲ್ಲಿ ಮೇಳವನ್ನು ಮತ್ತೆ ತೆರೆದರು, ಜನರೂ ಬಂದರು.

ಕರ್ನಾಟಕಕ್ಕೆ ಹಣದ ಕೊರತೆ ಎನ್ನುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾಗರಿಕರು ಕಟ್ಟುತ್ತಲೇ ಇದ್ದಾರೆ. ಆ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಕ್ಕೆ ಪೂರ್ತಿ ಬರುವುದಿಲ್ಲ ಎಂಬ ದೂರೂ, ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಯ ಬಾಕಿಗಾಗಿ ಪ್ರಕಾಶಕರು ಕಾಯುವುದೂ ಹಳೆಯ ಸುದ್ದಿ. ಸಗಟು ಖರೀದಿ ಕನ್ನಡ ಪ್ರಕಾಶನವನ್ನು ಬದುಕಿಸಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದೊಂದು ವಿಚಿತ್ರ ವ್ಯವಸ್ಥೆ: ಪುಸ್ತಕ ಆರಿಸುವುದು ಸಮಿತಿ, ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ, ತೆರಿಗೆ ಕಟ್ಟಿದ ಓದುಗನಿಗೆ ಅದರಲ್ಲಿ ಮಾತೇ ಇಲ್ಲ. ಸರ್ಕಾರ ಪುಸ್ತಕವನ್ನು ಓದುಗನ ಎದುರಿಗೇ ಇಟ್ಟಾಗ ಏನಾಗುತ್ತದೆ ಎಂಬುದಕ್ಕೂ ಕನ್ನಡದಲ್ಲಿ ಒಳ್ಳೆಯ ನಿದರ್ಶನಗಳಿವೆ. 1950ರ ದಶಕದ ಕೊನೆಯಲ್ಲಿ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತವನ್ನು ಮೈಸೂರು ಸರ್ಕಾರ ಅಗ್ಗದ ಬೆಲೆಗೆ ಹಂಚಿತು. ಆ ಪ್ರತಿಗಳು ಇಂದಿಗೂ ಹಳ್ಳಿಯ ಮನೆಗಳಲ್ಲಿ ರಟ್ಟು ಕಿತ್ತ ಸ್ಥಿತಿಯಲ್ಲಿ ಸಿಗುತ್ತವೆ. ರಟ್ಟು ಕಿತ್ತಿದ್ದು ಓದಿ ಓದಿ. 1993ರಲ್ಲಿ ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೂ ಜನ ಮುಗಿಬಿದ್ದರು.

ಹಾಗಾದರೆ ಬೇಕಾಗಿರುವುದು ಇನ್ನೊಂದು ಸಮ್ಮೇಳನವಲ್ಲ. ಮೆರವಣಿಗೆ ಬೇಡ, ಪೂರ್ಣಕುಂಭ ಬೇಡ, ಸಚಿವರಿಗಾಗಿ ಎರಡು ಗಂಟೆ ತಡವಾಗುವ ಉದ್ಘಾಟನೆಯಂತೂ ಬೇಡವೇ ಬೇಡ. ಪ್ರತಿ ಜಿಲ್ಲೆಗೆ ವರ್ಷಕ್ಕೊಂದು ನಿಗದಿತ ವಾರ, ಹತ್ತು ವರ್ಷ ಬದಲಾಗದಂಥದ್ದು, ಗೊತ್ತಾಗಿಬಿಟ್ಟರೆ ಪ್ರಕಾಶಕರು ತಮ್ಮ ಲಾರಿಯ ದಾರಿಯನ್ನು ತಾವೇ ಲೆಕ್ಕ ಹಾಕುತ್ತಾರೆ: ಈ ವಾರ ಬೀದರ್, ಮುಂದಿನ ವಾರ ಕಲಬುರಗಿ, ಆಮೇಲೆ ಯಾದಗಿರಿ, ರಾಯಚೂರು. ಈಗ ಒಂದೇ ಮಳಿಗೆಗೆ ಬಾಡಿಗೆ, ಸಾಗಣೆ, ಊಟ, ವಸತಿ ಎಂದು ಸುರಿಯುವ ಹಣ ಸಾಲು ಊರುಗಳಿಗೆ ಹಂಚಿಹೋಗುತ್ತದೆ. ಮಳಿಗೆಯ ಬಾಡಿಗೆಯನ್ನು ಜಿಲ್ಲಾಡಳಿತ ಭರಿಸಿದರೆ ಒಂದು ಪುಸ್ತಕದ ಕವಿಗೂ ಮೇಜಿನ ಒಂದು ತುದಿ ಸಿಕ್ಕೀತು. ಊರಿನ ಪುಸ್ತಕದಂಗಡಿಯವರನ್ನು ಎದುರಾಳಿ ಮಾಡಿಕೊಳ್ಳದೆ ಮೊದಲ ಮಳಿಗೆ ಅವರಿಗೇ ಕೊಡಬೇಕು. ಮೇಳ ಮುಗಿದು ಉಳಿದ ಬಾಕ್ಸುಗಳನ್ನು ಪ್ರಕಾಶಕರು ಲಾರಿಗೆ ಹೇರುವ ಬದಲು ಆ ಅಂಗಡಿಯವರಲ್ಲಿ ಬಿಟ್ಟುಹೋಗುವಂತಾದರೆ ಮುಂದಿನ ಹನ್ನೊಂದು ತಿಂಗಳಿಗೂ ಅಲ್ಲಿ ಒಂದು ಕಪಾಟು ತುಂಬಿರುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಆ ಕೇಂದ್ರಕ್ಕೆ ಬರುವ ಮಕ್ಕಳ ಕೈಗೇ ಕೂಪನ್ ಕೊಟ್ಟು, ಮೇಳದಲ್ಲಿ ಕೇಂದ್ರಕ್ಕೆ ಬೇಕಾದ ಪುಸ್ತಕಗಳನ್ನು ಅವರೇ ಆರಿಸಲಿ ಎಂದು ಬಿಟ್ಟರೆ ಸಮಿತಿಗಳಿಗೂ ಒಂದಿಷ್ಟು ಪಾಠವಾದೀತು.

ಇದೆಲ್ಲ ಆಗುವವರೆಗೆ ಓದುಗರು ಕೂತಿಲ್ಲ. ನವೆಂಬರ್‌ನಲ್ಲಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಅಂಗಡಿ ತೆರೆಯುವುದಕ್ಕೂ ಮೊದಲೇ ಬಾಗಿಲಲ್ಲಿ ನಿಲ್ಲುವ ಮೇಷ್ಟ್ರುಗಳು, ಸಂಶೋಧನಾ ವಿದ್ಯಾರ್ಥಿಗಳು ಇದ್ದಾರೆ. ಮಧ್ಯಾಹ್ನದವರೆಗೆ ಗಾಂಧಿನಗರ, ಗಾಂಧಿ ಬಜಾರು, ಸಮಯ ಉಳಿದರೆ ಅವೆನ್ಯೂ ರಸ್ತೆಯ ಫುಟ್‌ಪಾತಿನ ಹಳೆಯ ಪುಸ್ತಕಗಳು. ಸಂಜೆಯ ಬಸ್ಸಿಗೆ ಮರಳುವಾಗ ಪುಸ್ತಕದ ಬಿಲ್ಲಿಗಿಂತ ಬಸ್ ಚಾರ್ಜೇ ಹೆಚ್ಚಾಗಿರುವುದೂ ಉಂಟು. ರಿಯಾಯಿತಿಯಲ್ಲಿ ಉಳಿದ ಹಣ ಅಲ್ಲಿಗೆ ಸರಿಹೋಯಿತು. ಜಿಲ್ಲಾ ಕೇಂದ್ರದ ಮೈದಾನವೊಂದನ್ನು ವರ್ಷಕ್ಕೆ ಒಂದು ವಾರ ಬಿಟ್ಟುಕೊಡಲು ಅಡ್ಡಿ ಏನೆಂದು ಅವರು ಕೇಳಿದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಗಲಿ ಪುಸ್ತಕ ಪ್ರಾಧಿಕಾರವಾಗಲಿ ಉತ್ತರ ಕೊಡಬೇಕಾಗುತ್ತದೆ.